ಕಾವೇರಿಯ ತೂಕದ ರಾಗಿ ಮೂಟೆ

ಹೋದ ತಿಂಗಳು ನಮ್ಮ ಸಂಸ್ಥೆಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ಮನೆಗೆ ಬಂದಿದ್ದರು. ನಾನು ನಿವೃತ್ತಳಾಗಿ ಬಿಟ್ಟುಬಂದ ಕುರ್ಚಿಯಲ್ಲಿ ಈಗ ಅವರಲ್ಲೊಬ್ಬಳು ಕೂರುತ್ತಾಳೆ. ಕಾಫಿ ಕುಡಿಯುತ್ತಾ, "ಮೇಡಂ, ಈ ಕೆಲಸಕ್ಕೆ ಮುಖ್ಯವಾಗಿ ಏನು ಬೇಕು?" ಎಂದು ಕೇಳಿದಳು. ಬರೆದುಕೊಳ್ಳಲು ಪುಸ್ತಕವನ್ನೂ ತೆರೆದಿದ್ದಳು.

"ಒಂದು ತಕ್ಕಡಿ" ಎಂದೆ.

ಇಬ್ಬರೂ ನಕ್ಕರು. ನಾನು ನಗುತ್ತಿಲ್ಲವೆಂದು ಗೊತ್ತಾದ ಮೇಲೆ ಸುಮ್ಮನಾದರು. ಅವತ್ತು ಅವರಿಗೆ ಸರಿಯಾಗಿ ಹೇಳಲು ಆಗಲಿಲ್ಲ. ಹೇಳಲು ಹೊರಟರೆ ಇವತ್ತಿಗೂ ಮಾತು ಎಲ್ಲಿಂದಲೋ ಶುರುವಾಗಿ ಎಲ್ಲಿಗೋ ಹೋಗುತ್ತದೆ. ಬರೆದರೆ ನೇರವಾಗಿ ಬಂದೀತು ಎಂದು ಬರೆಯುತ್ತಿದ್ದೇನೆ.

ನಮ್ಮದು ದೊಡ್ಡಬಳ್ಳಾಪುರದಲ್ಲಿ, ನಡೆಯಲಾಗದ ಮಕ್ಕಳಿಗಾಗಿ ಇರುವ ಒಂದು ಸಣ್ಣ ಶಾಲೆ. ಮಕ್ಕಳು ಬೆಳಿಗ್ಗೆ ಬರುತ್ತಾರೆ, ವ್ಯಾಯಾಮ ಮಾಡುತ್ತಾರೆ, ಪಾಠ ಕಲಿಯುತ್ತಾರೆ, ಸಂಜೆ ಮನೆಗೆ ಹೋಗುತ್ತಾರೆ. ಇದನ್ನು ನಡೆಸಲು ಜನರ ನೆರವು ಬೇಕು. ಬರಿದೇ ಕೈಯೊಡ್ಡಿದರೆ ಕೊಡುವವರು ಕಡಿಮೆ. ಆದರೆ ಯಾರಾದರೂ ಮೈಮುರಿದು ಏನಾದರೊಂದು ಸಾಧಿಸಿ ತೋರಿಸುತ್ತೇನೆಂದು ಹೊರಟರೆ ಜನ ಕೊಡುತ್ತಾರೆ. ಸೈಕಲ್ ತುಳಿಯುವವರು, ಓಡುವವರು, ಬೆಟ್ಟ ಹತ್ತುವವರು, ಹೀಗೆ ಬರುತ್ತಿದ್ದರು. ಅವರಿಗೆ ದಾರಿ ಗುರುತಿಸುವುದು, ನೀರು ಇಡಿಸುವುದು, ಪೊಲೀಸರಿಂದ ಅನುಮತಿ ತರುವುದು, ಹೋದವರು ಅಷ್ಟೂ ಜನ ವಾಪಸ್ಸು ಬಂದರೇ ಎಂದು ನೋಡುವುದು ನನ್ನ ಕೆಲಸ. ಬಿ.ಎಸ್ಸಿ. ಓದುವಾಗ ಇಂಥದ್ದೊಂದು ಕೆಲಸ ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಸೇರಿದ ಮೇಲೆ ಇಪ್ಪತ್ತಮೂರು ವರ್ಷ ಬೇರೆ ಏನನ್ನೂ ಮಾಡಲಿಲ್ಲ.

ಮೊದಲ ತಪ್ಪು ಸೇರಿದ ವರ್ಷವೇ ಆಯಿತು. ಮಗ್ಗದ ಕೆಲಸದವರು ಮೂವತ್ತು ಜನ, ಮಕ್ಕಳ ಊರುಗೋಲುಗಳಿಗಾಗಿ ಇಡೀ ದಿನ ನಡೆಯುತ್ತೇವೆ ಎಂದರು. ಹಳ್ಳಿಗಳ ಒಳಗೆ ಹಾದು ಸುತ್ತಿ ಬರುವ ದಾರಿ. ಹಿಂದಿನ ಸಂಜೆ ನಾನು ಸ್ಕೂಟರಿನಲ್ಲಿ ಹೋಗಿ, ತಿರುವು ತಿರುವಿನಲ್ಲೂ ರಂಗೋಲಿ ಪುಡಿಯಿಂದ ಬಾಣದ ಗುರುತು ಹಾಕಿ ಬಂದೆ. ಬೆಳಿಗ್ಗೆ ಹೆಂಗಸರು ಎದ್ದು ಬಾಗಿಲ ಮುಂದೆ ಗುಡಿಸಿ, ಸಗಣಿ ನೀರು ಹಾಕಿ, ತಮ್ಮ ತಮ್ಮ ರಂಗೋಲಿ ಬಿಟ್ಟರು. ನನ್ನ ಬಾಣಗಳೆಲ್ಲ ಮಣ್ಣುಪಾಲಾದವು. ಒಂದು ಹಳ್ಳಿಯಲ್ಲಿ ಮಾತ್ರ ಒಬ್ಬಾಕೆಗೆ ನನ್ನ ಬಾಣ ಚೆಂದ ಕಂಡಿತಂತೆ. ಅದನ್ನು ಉಳಿಸಿಕೊಂಡು, ನಾಲ್ಕೂ ದಿಕ್ಕಿಗೆ ಅಂಥದ್ದೇ ಬಾಣ ಎಳೆದು, ನಡುವೆ ಒಂದು ಹೂವು ಬರೆದಿದ್ದಳು. ಅಲ್ಲಿಂದ ನನಗೆ ಫೋನು ಬಂತು.

"ಮೇಡಂ, ಇಲ್ಲಿ ನಾಕೂ ಕಡೀಕೂ ಹೋಗಿ ಅಂತ ಐತೆ. ನಾವಿರೋದು ಮೂವತ್ತೇ ಜನ, ಹೆಂಗ್ ಹಂಚ್ಕಳನ?"

ಆಮೇಲೆ ನಾನು ರಂಗೋಲಿ ಪುಡಿ ಮುಟ್ಟಲಿಲ್ಲ. ಹಿಂದಿನ ದಿನ ಹೋಗಿ, ತಿರುವಿನ ಮನೆಯ ಹೆಂಗಸಿಗೇ ಹೇಳಿ ಬರುತ್ತಿದ್ದೆ: "ಬೆಳಿಗ್ಗೆ ನಿಮ್ಮ ರಂಗೋಲಿ ಪಕ್ಕದಲ್ಲಿ ಈ ಕಡೆಗೆ ಒಂದು ಬಾಣ ಬಿಡಿ." ಅಲ್ಲಿಂದೀಚೆಗೆ ಒಬ್ಬರೂ ದಾರಿ ತಪ್ಪಿಲ್ಲ.

ನಮ್ಮ ಕಾರ್ಯದರ್ಶಿ ವೆಂಕಟಾಚಲಯ್ಯನವರು ನಿವೃತ್ತ ಮುಖ್ಯೋಪಾಧ್ಯಾಯರು. ಒಳ್ಳೆಯ ಮನುಷ್ಯ. ಅವರಿಗಿದ್ದ ಮೋಹ ಒಂದೇ, ವೇದಿಕೆ. ಪ್ರಾರ್ಥನೆ, ಸ್ವಾಗತ, ಸನ್ಮಾನ, ವಂದನಾರ್ಪಣೆ ಇಲ್ಲದ ಕಾರ್ಯಕ್ರಮ ಅವರ ಲೆಕ್ಕಕ್ಕೆ ಕಾರ್ಯಕ್ರಮವೇ ಅಲ್ಲ. ಸನ್ಮಾನ ಪತ್ರವನ್ನು ವಾರದ ಮುಂಚೆಯೇ ಅಚ್ಚು ಹಾಕಿಸಿಬಿಡುತ್ತಿದ್ದರು. ತ್ಯಾಮಗೊಂಡ್ಲು ಕಡೆಯ ತೋಟದಲ್ಲಿ ಕೆಲಸ ಮಾಡುವ ಗೌರಮ್ಮ ಎಂಬಾಕೆ, ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ತೆಂಗಿನಕಾಯಿ ಸುಲಿಯುತ್ತೇನೆ, ಕಾಯಿಗಿಷ್ಟು ಎಂದು ಜನ ಕೊಡಲಿ ಎಂದಳು. ಕಾರ್ಯದರ್ಶಿಗಳು ಪತ್ರದಲ್ಲಿ "ಐನೂರು ಕಾಯಿ ಸುಲಿದ ಸಾಧಕಿ" ಎಂದು ಅಚ್ಚು ಹಾಕಿಸಿದರು. ಆಕೆ ಹತ್ತು ಗಂಟೆಗೇ ಐನೂರು ಮುಗಿಸಿ, ಸೆರಗು ಕೊಡವಿ ಎದ್ದು ನಿಂತಳು.

"ಯಾಕಮ್ಮ, ಇನ್ನೂ ಎರಡು ಗಂಟೆ ಇದೆಯಲ್ಲ?" ಎಂದರು ಕಾರ್ಯದರ್ಶಿಗಳು.

"ನೀವೇ ಅಷ್ಟೇ ಅಂತ ಬರ್ಸಿದ್ದೀರಲ್ಲ ಸಾಮಿ. ಜಾಸ್ತಿ ಸುಲುದ್ರೆ ನಿಮ್ ಮಾತು ಸುಳ್ಳಾಯ್ತದೆ."

ಇಂಥವು ಎಷ್ಟೋ ಇವೆ. ನೆನೆದು ನಗುವುದು ಸುಲಭ, ಯಾಕೆಂದರೆ ಅಲ್ಲಿ ಯಾರಿಗೂ ಏನೂ ಆಗಲಿಲ್ಲ. ನಾವು ಮಾಡುತ್ತಿದ್ದ ತಪ್ಪುಗಳೆಲ್ಲ ಹೀಗೇ ನಗುವಂಥವು ಎಂದೇ ನಾನು ಬಹಳ ಕಾಲ ತಿಳಿದಿದ್ದೆ.

ಇನ್ನು ಮುನಿಶಾಮಪ್ಪನ ವಿಷಯ.

ಮುನಿಶಾಮಪ್ಪ ಸಾಸಲು ಹತ್ತಿರದ ಒಂದು ಹಳ್ಳಿಯವನು. ಎರಡು ಎಕರೆ ರಾಗಿ, ಮೂರು ಹಸು. ಅವನ ಮಗಳು ಕಾವೇರಿ ನಮ್ಮ ಶಾಲೆಗೆ ಬರುತ್ತಿದ್ದಳು. ಆಗ ಅವಳಿಗೆ ಹನ್ನೊಂದು ವರ್ಷ. ಹುಟ್ಟಿದಾಗಿನಿಂದ ಕಾಲುಗಳಲ್ಲಿ ಬಲವಿಲ್ಲ, ಆ ಬಲವೆಲ್ಲ ಬಾಯಿಗೆ ಬಂದಿತ್ತು. ಮನೆಯಿಂದ ಬಸ್ಸು ನಿಲ್ಲುವ ಜಾಗಕ್ಕೆ ಒಂದೂವರೆ ಕಿಲೋಮೀಟರ್. ದಿನಾ ಬೆಳಿಗ್ಗೆ ಅವಳನ್ನು ಬೆನ್ನ ಮೇಲೆ ಹೊತ್ತು ತಂದು ಬಸ್ಸು ಹತ್ತಿಸುತ್ತಿದ್ದ. ಹೆಂಡತಿ ರತ್ನಮ್ಮ ಚೀಲ ಹಿಡಿದು ಜೊತೆಗೆ ಹತ್ತಿ ಶಾಲೆಗೆ ತಲುಪಿಸುತ್ತಿದ್ದಳು. ಬಸ್ಸು ಬಾರದ ದಿನ ಕಾವೇರಿಗೆ ಶಾಲೆ ಇಲ್ಲ. ಹೊತ್ತು ತರುವವರಿಲ್ಲದ ಎಷ್ಟೋ ಮಕ್ಕಳಿಗೆ ಯಾವ ದಿನವೂ ಇಲ್ಲ. ಗಾಲಿಕುರ್ಚಿ ಸಮೇತ ಹತ್ತಿಸಿಕೊಳ್ಳುವ ಒಂದು ವ್ಯಾನ್ ಬೇಕೆಂದು ನಾವು ಮೂರು ವರ್ಷದಿಂದ ಕೇಳುತ್ತಲೇ ಇದ್ದೆವು.

ಒಂದು ದಿನ ಮುನಿಶಾಮಪ್ಪ ಆಫೀಸಿಗೆ ಬಂದು ಬಾಗಿಲಲ್ಲೇ ನಿಂತ.

"ಮೇಡಂ, ನಮ್ ಪಾಪನ ತೂಕದಷ್ಟು ರಾಗಿ ಹೊತ್ಕಂಡು ಸಾಸಲಿಂದ ಇಲ್ಲೀಗಂಟ ನಡ್ಕಂಡ್ ಬತ್ತೀನಿ. ವ್ಯಾನಿಗೆ ಆಗೋಷ್ಟು ಬತ್ತದೇನೋ ನೋಡನ."

"ಇಪ್ಪತ್ತು ಕಿಲೋಮೀಟರ್ ಆಗುತ್ತೆ, ಮುನಿಶಾಮಪ್ಪ."

"ದಿನಾ ಹೊರ್ತೀನಲ್ಲ. ಅದೇನ್ ಯಾರ ಕಣ್ಣಿಗೂ ಬೀಳಾಕಿಲ್ಲ. ಒಂದಿನ ಎಲ್ರೂ ನೋಡ್ಲಿ."

ಕಾವೇರಿ ಒಳಗಿನಿಂದ ಕುರ್ಚಿ ಉರುಳಿಸಿಕೊಂಡು ಬಂದಳು. "ರಾಗಿ ಯಾಕಪ್ಪ? ನನ್ನೇ ಹೊತ್ಕೊಂಡ್ ಹೋಗು. ನಾನಾದ್ರೆ ದಾರೀಲಿ ಮಾತಾಡ್ತೀನಿ."

"ಅದಕ್ಕೇ ಕಣವ್ವ ಬ್ಯಾಡ ಅಂದಿದ್ದು."

ವ್ಯಾಯಾಮದ ಕೋಣೆಯ ತಕ್ಕಡಿಯ ಮೇಲೆ ಕಾವೇರಿಯನ್ನು ಕೂರಿಸಿ ತೂಗಿದೆವು. ಇಪ್ಪತ್ತೆಂಟು ಕಿಲೋ. ಅಷ್ಟೇ ರಾಗಿಯನ್ನು ಗೋಣಿಚೀಲಕ್ಕೆ ತುಂಬಿ ಅದನ್ನೂ ತೂಗಿದೆವು. ಕಾವೇರಿ ಮುಳ್ಳನ್ನೇ ನೋಡುತ್ತಾ, "ಸರಿಯಾಗ್ ನೋಡಿ, ನನಗಿಂತ ದಪ್ಪ ಮಾಡ್ಬೇಡಿ ಅದನ್ನ" ಎಂದಳು. ಮೂರು ಬೊಗಸೆ ತೆಗೆದೆವು. ಚೀಲದ ಬಾಯಿಗೆ ಸೆಣಬಿನ ದಾರ ಬಿಗಿದು ಗಂಟು ಹಾಕಿದವಳು ನಾನೇ.

ಶಿವರಾತ್ರಿ ಕಳೆದಿತ್ತು, ಬಿಸಿಲು ಏರಿತ್ತು. ಐದೂವರೆಗೆ ಹೊರಡಬೇಕೆಂದು ನಾನು ಬರೆದಿದ್ದೆ. ಬಾವುಟ ತೋರಿಸಬೇಕಾಗಿದ್ದ ಅತಿಥಿಗಳು ಬಂದದ್ದು ಏಳೂಕಾಲಿಗೆ. ಮುನಿಶಾಮಪ್ಪ ಅಷ್ಟು ಹೊತ್ತೂ ನಿಂತೇ ಇದ್ದ. ಕೂತರೆ ಮರ್ಯಾದೆಯಲ್ಲ ಎಂದುಕೊಂಡನೋ ಏನೋ. ಹೊರಟ ಮೇಲೆ ಮಾತ್ರ ಸಲೀಸಾಗಿ ನಡೆದ. ಹಿಂದೆ ಒಂದು ಆಟೋ, ಅದರಲ್ಲಿ ನೀರಿನ ಕ್ಯಾನು ಮತ್ತು ನಮ್ಮ ಶಾಲೆಯ ನರ್ಸ್ ಶಾಹಿದಾ. ನಾನು ಅವನ ಪಕ್ಕದಲ್ಲೇ ನಡೆಯುತ್ತಿದ್ದೆ.

ಮೊದಲು ಸಿಕ್ಕಿದ್ದು ಅವನದೇ ಹಳ್ಳಿ. ಅಲ್ಲಿ ಅವನು ಮೂಟೆ ಇಳಿಸಿ ನೀರು ಕುಡಿಯುವಾಗ, ಒಬ್ಬ ಅಜ್ಜಿ ಮೊರದಲ್ಲಿ ರಾಗಿ ತಂದು ನನ್ನ ಮುಂದೆ ನಿಂತಳು. "ಮಗೀಗೋಸ್ಕರ ಹೊತ್ಕಂಡ್ ಹೋಯ್ತಾವ್ನೆ. ಬರಿಗೈಲಿ ಕಳ್ಸಕ್ಕಾಯ್ತದಾ? ಬಾಯ್ ಬಿಚ್ಚವ್ವ."

ನಾನು ಗಂಟು ಬಿಚ್ಚಿ ಚೀಲದ ಬಾಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದೆ. ಆಕೆ ಒಂದು ಬೊಗಸೆ ರಾಗಿ ಸುರಿದು, ಚೀಲಕ್ಕೆ ಕೈಮುಗಿದಳು. ಸುತ್ತ ನಿಂತವರು ಚಪ್ಪಾಳೆ ತಟ್ಟಿದರು. ಅದನ್ನು ನೋಡಿ ಪಕ್ಕದ ಮನೆಯವರು ಬಂದರು. ಮುಂದಿನ ಹಳ್ಳಿಗೆ ನಮಗಿಂತ ಮೊದಲೇ ಸುದ್ದಿ ಹೋಗಿತ್ತು, ಅಲ್ಲಿ ಹೆಂಗಸರು ಪಾತ್ರೆ ಹಿಡಿದು ಸಾಲಾಗಿ ಕಾದಿದ್ದರು. ನಮ್ಮ ಕಡೆ ಒಳ್ಳೆಯ ಕೆಲಸಕ್ಕೆ ಚೀಲ ಹೊತ್ತು ಬಂದವನನ್ನು ಯಾರೂ ಹಾಗೇ ಕಳಿಸುವುದಿಲ್ಲ, ಚೀಲ ಹೊತ್ತವನೂ ಬೇಡ ಎನ್ನುವುದಿಲ್ಲ. ಒಬ್ಬೊಬ್ಬರು ಒಂದೊಂದು ಬೊಗಸೆ. ನಾನು ಪ್ರತಿ ಸಲವೂ ಗಂಟು ಬಿಚ್ಚಿದೆ, ಕಟ್ಟಿದೆ, ನಡುವೆ ಫೋಟೋ ತೆಗೆದೆ. ಇಷ್ಟು ವರ್ಷದಲ್ಲಿ ಇದಕ್ಕಿಂತ ಚೆಂದದ್ದನ್ನು ನೋಡಿಲ್ಲ ಎಂದು ಅಂದುಕೊಂಡೆ. ಈಗಲೂ ಅದು ಚೆಂದವಾಗಿರಲಿಲ್ಲ ಎನ್ನಲಾರೆ. ನನಗೆ ಕಷ್ಟವಾಗುವುದು ಅದೇ.

ನಾಲ್ಕನೇ ಹಳ್ಳಿಯಲ್ಲಿ ಶಾಹಿದಾ ಆಟೋದಿಂದ ಇಳಿದು ಬಂದಳು. "ಅಕ್ಕ, ಕೊಟ್ಟಿದ್ದನ್ನ ಆಟೋಗೆ ಹಾಕ್ಸಿ. ಅವ್ರ ಬೆನ್ನಿಗೆ ಯಾಕೆ?"

"ಒಂದೊಂದು ಬೊಗಸೆ ಶಾಹಿದಾ, ಏನ್ ಮಹಾ ಭಾರ? ಬೇರೆ ಕಡೆ ಹಾಕಿದ್ರೆ ಕೊಟ್ಟೋರು ಬೇಜಾರು ಮಾಡ್ಕೋತಾರೆ."

ಈ ಮಾತು ನನ್ನದು. ಇದನ್ನು ನಾನು ಎಷ್ಟು ಸಲ ಮನಸ್ಸಿನಲ್ಲಿ ಹಿಂದಕ್ಕೆ ತೆಗೆದುಕೊಂಡಿದ್ದೇನೋ ಲೆಕ್ಕವಿಲ್ಲ.

ಕೊನೆಯ ಐದು ಕಿಲೋಮೀಟರಿನಲ್ಲಿ ಮುನಿಶಾಮಪ್ಪ ಮಾತು ನಿಲ್ಲಿಸಿದ. ಮಜ್ಜಿಗೆ ಕೊಟ್ಟರೆ, "ಹೊಟ್ಟೆ ತೊಳಸ್ತದೆ, ಬ್ಯಾಡ" ಎಂದ. ನನ್ನ ಪುಸ್ತಕದಲ್ಲಿ "ಸ್ವಲ್ಪ ದಣಿವು" ಎಂದು ಬರೆದುಕೊಂಡೆ. ಆ ಪುಸ್ತಕ ಇನ್ನೂ ನನ್ನ ಬಳಿ ಇದೆ.

ಮಧ್ಯಾಹ್ನ ಒಂದೂವರೆಗೆ ನಮ್ಮ ಶಾಲೆಯ ಮೈದಾನಕ್ಕೆ ಬಂದೆವು. ತಮಟೆ, ಶಾಮಿಯಾನ, ತುಂಬಿದ ಕುರ್ಚಿಗಳು. ಅಲ್ಲಿಂದ ಮುಂದಿನದನ್ನು ಫೋಟೋಗಳ ಮೇಲಿನ ಸಮಯ ನೋಡಿ ನಾನು ಆಮೇಲೆ ಲೆಕ್ಕ ಹಾಕಿದ್ದೇನೆ. ಬಂದು ನಿಂತಾಗಿನಿಂದ ಅವನು ಬೀಳುವವರೆಗೆ ಹನ್ನೊಂದು ನಿಮಿಷ. ಅಷ್ಟೂ ನಿಮಿಷ ನಾನು ಅವನಿಂದ ಮೂರಡಿ ದೂರದಲ್ಲಿದ್ದೆ.

ಮೊದಲು ನಾನು ಆರತಿ ಎತ್ತಿ ಹಣೆಗೆ ಕುಂಕುಮವಿಟ್ಟೆ. ಹಣೆ ಒಣಗಿತ್ತು. ಇಪ್ಪತ್ತು ಕಿಲೋಮೀಟರ್ ಬಿಸಿಲಲ್ಲಿ ಭಾರ ಹೊತ್ತು ಬಂದವನ ಹಣೆಯಲ್ಲಿ ಒಂದು ಹನಿ ಬೆವರಿಲ್ಲ, ಕಾದ ಹೆಂಚಿನ ಹಾಗೆ ಬಿಸಿ. ಬೆರಳಿಗೆ ಅದು ಗೊತ್ತಾಯಿತು. ನಾನು ಕೈ ತೆಗೆದು ತಟ್ಟೆಯನ್ನು ಪಕ್ಕದವರಿಗೆ ಕೊಟ್ಟೆ.

ಮೂಟೆ ಬೆನ್ನಿನಲ್ಲಿದ್ದ ಹಾಗೇ ಅವನನ್ನು ವೇದಿಕೆಗೆ ಹತ್ತಿಸಿದರು. ಫೋಟೋ ತೆಗೆದ ಮೇಲೆ ಮೂಟೆ ಇಳಿಸಿ, ಕಾರ್ಯದರ್ಶಿಗಳು ಶಾಲು ಹೊದಿಸಿದರು, ತಲೆಗೆ ಪೇಟ ತೊಡಿಸಿದರು, ದಪ್ಪ ಹಾರ ಹಾಕಿದರು, ಕೈಗೆ ಹಣ್ಣಿನ ಬುಟ್ಟಿ ಕೊಟ್ಟರು. ಮೈಕನ್ನು ಬಾಯಿಗೆ ಹಿಡಿದು, "ಎರಡು ಮಾತಾಡಿ ಮುನಿಶಾಮಪ್ಪ" ಎಂದರು.

ಅವನು ಸ್ವಲ್ಪ ಹೊತ್ತು ಜನರನ್ನು ನೋಡಿದ. ಆಮೇಲೆ ನಿಧಾನವಾಗಿ, "ಪಾಪನ ತಲೆ ಮೇಲೆ ಬಿಸ್ಲು ಬೀಳ್ತಾ ಐತೆ. ಯಾರಾರ ಛತ್ರಿ ಹಿಡೀರಿ. ಬೆನ್ ಮ್ಯಾಲೆ ಮಲಗವ್ಳೆ" ಎಂದ.

ಶಾಮಿಯಾನದ ತುಂಬ ಚಪ್ಪಾಳೆ. ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಂಥ ಮಾತಾಡಿದ ಎಂದುಕೊಂಡು ನಾನೂ ಚಪ್ಪಾಳೆ ತಟ್ಟಿದೆ.

ತಟ್ಟದಿದ್ದವಳು ಕಾವೇರಿ ಒಬ್ಬಳೇ. ಅವಳು ವೇದಿಕೆಯ ಎದುರಿಗೇ ಕುರ್ಚಿಯಲ್ಲಿ ಕೂತಿದ್ದಳು. "ಅಪ್ಪ, ನಾನ್ ಇಲ್ಲಿದೀನಿ!" ಎಂದು ಕೂಗಿದಳು. ಮುನಿಶಾಮಪ್ಪ ಅವಳ ಕಡೆ ನೋಡಿದ. ಯಾರದೋ ಮಗುವನ್ನು ನೋಡಿದ ಹಾಗೆ ನೋಡಿದ. ಕಾವೇರಿಯ ದನಿ ಕಿರುಚಾಯಿತು. "ಅಪ್ಪಂಗೆ ನನ್ ಗುರುತು ಸಿಗ್ತಿಲ್ಲ! ಶಾಹಿದಾ ಆಂಟಿ! ಅಪ್ಪಂಗೇನೋ ಆಗಿದೆ!"

ಹಣ್ಣಿನ ಬುಟ್ಟಿ ಮೊದಲು ಬಿತ್ತು. ಆಮೇಲೆ ಅವನು.

ಶಾಹಿದಾ ಮೆಟ್ಟಿಲು ಹತ್ತಲಿಲ್ಲ, ವೇದಿಕೆಯ ಅಂಚು ಹಿಡಿದು ಎಗರಿ ಬಂದಳು. ಪೇಟ, ಶಾಲು, ಹಾರ ಎಲ್ಲವನ್ನೂ ಕಿತ್ತೆಸೆದು ಅಂಗಿ ಹರಿದಳು. "ಸರ್, ಮೈಕ್ ಬಿಡಿ, ಕಾಲು ಹಿಡೀರಿ! ಅಕ್ಕ, ನೀರು! ಕುಡಿಯೋಕಲ್ಲ, ಮೈ ಮೇಲೆ ಸುರೀರಿ!" ಕುಡಿಯಲು ಇಟ್ಟಿದ್ದ ಇಡೀ ಡ್ರಮ್ಮನ್ನು ಅವನ ಮೇಲೆ ಸುರಿದೆವು. ಅವನ ಕೈಕಾಲು ಸೆಟೆದು ಅದುರುತ್ತಿದ್ದವು. ಮೈದಾನದ ಮೂಲೆಯ ಕಬ್ಬಿನ ಹಾಲಿನ ಗಾಡಿಯವನು ತನ್ನ ಮಂಜುಗಡ್ಡೆಯನ್ನು ಗೋಣಿ ಸಮೇತ ಹೊತ್ತು ಓಡಿ ಬಂದ. ಅದನ್ನು ಒಡೆದು ಕಂಕುಳಿಗೆ, ಕುತ್ತಿಗೆಗೆ, ತೊಡೆಯ ಸಂದಿಗೆ ಇಟ್ಟೆವು. "ಗಾಳಿ, ಗಾಳಿ!" ಎಂದು ಶಾಹಿದಾ ಕೂಗಿದಾಗ ಕಾರ್ಯದರ್ಶಿಗಳಿಗೆ ಬೇರೇನೂ ಸಿಗದೆ ಸನ್ಮಾನ ಪತ್ರವನ್ನೇ ಎತ್ತಿಕೊಂಡು ಬೀಸತೊಡಗಿದರು. ಅವರ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಕೈ ನಿಲ್ಲಲಿಲ್ಲ. ಆಂಬುಲೆನ್ಸ್ ಗೇಟಿನಲ್ಲೇ ಇತ್ತು. ಅದರ ಮುಂದೆ ಅತಿಥಿಗಳ ಕಾರು ನಿಂತಿತ್ತು. ಮಗ್ಗದ ಕೆಲಸದವರು ಹತ್ತು ಹನ್ನೆರಡು ಜನ ಸೇರಿ ಕಾರಿನ ಹಿಂಭಾಗ ಎತ್ತಿ ಪಕ್ಕಕ್ಕೆ ಸರಿಸಿದರು.

ಆಂಬುಲೆನ್ಸ್ ಹೋದ ಮೇಲೆ ಮೂಟೆ ವೇದಿಕೆಯ ಮೇಲೆ ಒಂಟಿಯಾಗಿ ಉಳಿದಿತ್ತು. ಯಾಕೆಂದು ತಿಳಿಯದೆ ನಾನು ಅದನ್ನು ಎಳೆದುಕೊಂಡು ಹೋಗಿ ವ್ಯಾಯಾಮದ ಕೋಣೆಯ ತಕ್ಕಡಿಗೆ ಇಟ್ಟೆ. ನಲವತ್ತೊಂದು ಕಿಲೋ.

ಬೆಂಗಳೂರಿನ ಆಸ್ಪತ್ರೆಯಲ್ಲಿ ಮೂರು ದಿನ ಅವನಿಗೆ ಪ್ರಜ್ಞೆ ಬರಲಿಲ್ಲ. ಅಲ್ಲೇ ಮೈ ತಣ್ಣಗೆ ಮಾಡದಿದ್ದರೆ ಇಲ್ಲಿಗೆ ತರುವ ಅಗತ್ಯವೇ ಇರುತ್ತಿರಲಿಲ್ಲ ಎಂದು ಡಾಕ್ಟರು ಶಾಹಿದಾಗೆ ಹೇಳಿದರು. ಬಿಸಿಲಿನ ಹೊಡೆತದಲ್ಲಿ ಬೆವರು ನಿಲ್ಲುವುದೇ ಅಪಾಯದ ಗುರುತಂತೆ. ಮೂತ್ರಪಿಂಡದ ಬಗ್ಗೆ ಏನೂ ಹೇಳಲಾಗದು ಎಂದರು. ನಾನು ಹೊರಗಿನ ಬೆಂಚಿನ ಮೇಲೆ ರತ್ನಮ್ಮನ ಪಕ್ಕ ಕೂತಿದ್ದೆ. ಎರಡು ದಿನ ಆಕೆ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ತಾನಾಗಿಯೇ ಕೇಳಿದಳು.

"ಕೊಟ್ಟಿದ್ನ ಅವ್ರು ಬ್ಯಾಡ ಅನ್ನಾಕಿಲ್ಲ ಮೇಡಂ, ಅದ್ ನಂಗೊತ್ತು. ಹೊತ್ಕಂಡೋರು ಹೆಂಗಂತಾರೆ? ನೀವ್ ಪಕ್ಕದಲ್ಲಿದ್ರಲ್ಲ, ನೀವ್ಯಾಕ್ ಅನ್ಲಿಲ್ಲ?"

"ನನಗೆ ಅದು ಚೆಂದ ಕಾಣ್ತು, ರತ್ನಮ್ಮ" ಎಂದೆ. ಆಕೆ, "ನಾನಿದ್ದಿದ್ರೂ ಚೆಂದಾನೇ ಕಾಣ್ತಿತ್ತು" ಎಂದು ತನ್ನ ಚೀಲದಿಂದ ಒಂದು ಬಾಳೆಹಣ್ಣು ತೆಗೆದು ನನ್ನ ಕೈಗಿಟ್ಟಳು.

ನಾಲ್ಕನೆಯ ದಿನ ಮುನಿಶಾಮಪ್ಪ ಕಣ್ಣು ಬಿಟ್ಟ. ಅವನು ಆಡಿದ ಮೊದಲ ಮಾತು, "ಪಾಪ ಇಸ್ಕೂಲಿಗೆ ಹೋದ್ಲಾ? ಯಾರ್ ಹೊತ್ಕಂಡೋದ್ರು?"

ಅದನ್ನು ನಾವ್ಯಾರೂ ಯೋಚಿಸಿರಲೇ ಇಲ್ಲ. ರತ್ನಮ್ಮನಿಗೆ ಗೊತ್ತಿತ್ತು. "ದಿನಕ್ಕೊಬ್ರು ಬಂದು ಹೊತ್ಕಂಡ್ ಹೋಯ್ತಾವ್ರೆ. ಮೊದ್ಲಿನ್ ದಿನ ಹಾಲಿನ ಡೈರಿ ನಾರಾಯಣ, ಆಮ್ಯಾಕೆ ಮೂಲೆಮನೆಯೋರು. ರಾಗಿ ಹಾಕಿದ್ ನಮ್ಮೂರೋರೆಲ್ಲ ಪಾಳಿ ಮಾಡ್ಕಂಡವ್ರೆ. ಇಸ್ಕೂಲಲ್ಲಿ ನಮ್ಮಕ್ಕ ಜೊತೇಗವ್ಳೆ. ನೀವ್ ಸುಮ್ಕೆ ಮಲೀಕಳಿ."

ಅವನು ಕಣ್ಣು ಮುಚ್ಚಿದ. ಮುಚ್ಚಿದ ರೆಪ್ಪೆಯ ಕೆಳಗಿಂದ ನೀರು ಹರಿಯಿತು. ನನಗೆ ಆ ನೀರನ್ನು ನೋಡಿಯೇ ಧೈರ್ಯ ಬಂದದ್ದು.

ಎರಡು ತಿಂಗಳಲ್ಲಿ ಅವನು ಹಸುಗಳ ಹತ್ತಿರ ಓಡಾಡುವಂತಾದ. ಮೂತ್ರಪಿಂಡ ಉಳಿಯಿತು. ಆ ಬೇಸಿಗೆ ಕಳೆಯುವ ಹೊತ್ತಿಗೆ ವ್ಯಾನೂ ಬಂತು. ಆದರೆ ನಾನು ಅಷ್ಟರಲ್ಲಿ ರಾಜೀನಾಮೆ ಬರೆದಿದ್ದೆ. ಯಾರ ಹಣೆಗೆ ಕುಂಕುಮ ಇಡಬೇಕಾಗಿ ಬಂದರೂ ತಟ್ಟೆಯನ್ನು ಬೇರೆಯವರ ಕೈಗೆ ಕೊಟ್ಟುಬಿಡುತ್ತಿದ್ದೆ. ಚಪ್ಪಾಳೆ ಕೇಳಿದರೆ ಯಾರೋ ಬೀಳುತ್ತಾರೆ ಎನಿಸುತ್ತಿತ್ತು. ಈಗಲೂ ಒಮ್ಮೊಮ್ಮೆ ಹಾಗಾಗುತ್ತದೆ.

ವೆಂಕಟಾಚಲಯ್ಯನವರು ನನ್ನ ಕಾಗದ ಓದಿ ಮೇಜಿನ ಮೇಲಿಟ್ಟರು. ಪಕ್ಕದಲ್ಲೇ, ನೀರು ಬಿದ್ದು ಮುದುಡಿದ ಆ ಸನ್ಮಾನ ಪತ್ರ ಇತ್ತು. ಅದನ್ನು ಅವರು ಎಸೆದಿರಲಿಲ್ಲ.

"ಲಲಿತಮ್ಮ, ನೀವು ಹೋದ್ರೆ ಈ ಜಾಗಕ್ಕೆ ಇನ್ನೊಬ್ರು ಬರ್ತಾರೆ. ಮೂಟೆ ಬಾಯಿ ಬಿಚ್ಚಿ ಅಂದ್ರೆ ಅವ್ರೂ ಬಿಚ್ತಾರೆ. ಅವ್ರಿಗೆ ಗೊತ್ತಿರಲ್ಲ. ನಿಮಗೆ ಗೊತ್ತು, ನನಗೆ ಗೊತ್ತು. ಗೊತ್ತಿರೋ ನಾವೇ ಎದ್ದು ಹೋದ್ರೆ ಹೇಗೆ?"

ನಾನು ಕಾಗದ ವಾಪಸ್ಸು ತೆಗೆದುಕೊಂಡೆ. ಅವರು ಅವತ್ತಿನಿಂದ ನಡಿಗೆ ಮುಗಿಯುವ ಜಾಗದಲ್ಲಿ ವೇದಿಕೆ ಹಾಕಿಸಲಿಲ್ಲ. ಸನ್ಮಾನ ಒಂದು ವಾರ ಬಿಟ್ಟು, ಬೆಳಗಿನ ತಂಪಿನಲ್ಲಿ, ಎಲ್ಲರೂ ಕೂತು. ಬಾವುಟ ತೋರಿಸಲು ಯಾರೂ ಬೇಡ, ಗಡಿಯಾರ ನೋಡಿಕೊಂಡು ಹೊರಟರಾಯಿತು. ವೇದಿಕೆಯನ್ನು ಅಷ್ಟು ಪ್ರೀತಿಸಿದವರಿಗೆ ಇದು ಸಣ್ಣ ಮಾತಲ್ಲ.

ಮುಂದಿನ ವರ್ಷ ಮುನಿಶಾಮಪ್ಪ ಮತ್ತೆ ಬಾಗಿಲಲ್ಲಿ ನಿಂತ.

"ಈ ಸತಿ ಇನ್ನೊಂದ್ ವ್ಯಾನಿಗೆ ಹೊರನ, ಮೇಡಂ."

"ಸಾಧ್ಯವೇ ಇಲ್ಲ. ಡಾಕ್ಟರೂ ಬೇಡ ಅಂದಿದ್ದಾರೆ."

"ನಾನ್ ಹೊರಾಕಿಲ್ಲ. ಆಸ್ಪತ್ರೇಲಿ ಮಲ್ಗಿದ್ದಾಗ ಪಾಪನ್ನ ಊರೋರು ಹೊತ್ಕಂಡ್ರಲ್ಲ, ಹಂಗೆ. ರಾಗಿ ಹಾಕ್ದೋರೇ ಒಂದೊಂದ್ ಫರ್ಲಾಂಗು ಹೊರ್ಲಿ. ಹಾಕದೇನ್ ಸುಲಭ, ಹೊತ್ ನೋಡ್ಲಿ!"

ಹೀಗೆ ಶುರುವಾಯಿತು. ಮೂಟೆ ಕಾವೇರಿಯ ಆ ವರ್ಷದ ತೂಕದ್ದು. ಒಬ್ಬರ ಬೆನ್ನಿನಲ್ಲಿ ಒಂದು ಫರ್ಲಾಂಗು ಮಾತ್ರ. ವಯಸ್ಸಾದವರು ಇಬ್ಬಿಬ್ಬರು ಸೇರಿ ಬಿದಿರು ಗಳಕ್ಕೆ ತೂಗುಹಾಕಿ ಹೊರಬಹುದು. ಜನ ಕೊಡುವ ರಾಗಿಗೆ ವ್ಯಾನಿನಲ್ಲಿ ಬೇರೆ ಚೀಲ. ಆ ವ್ಯಾನಿನ ಬಾಗಿಲಲ್ಲಿ, ಗಾಲಿಕುರ್ಚಿಯಲ್ಲಿ ಕಾವೇರಿ. ಅವಳ ಪಕ್ಕದಲ್ಲಿ ತಕ್ಕಡಿ. ಪ್ರತಿ ಹಳ್ಳಿಯಲ್ಲೂ ಮೂಟೆ ತೂಗಬೇಕು. ಯಾರಾದರೂ ಕದ್ದು ಒಂದು ಹಿಡಿ ಸೇರಿಸಿದರೂ ಅವಳು ಬಿಡುತ್ತಿರಲಿಲ್ಲ. "ಯಾರ್ರೀ ನನ್ನ ದಪ್ಪ ಮಾಡಿದ್ದು? ತೆಗೀರಿ ಆಚೆ!" ಹಾಗೆ ಹಾಕಿದ ಅಜ್ಜಿಯರು ನಾಚಿಕೊಂಡು ನಗುತ್ತಾ ತಾವೇ ತೆಗೆಯುತ್ತಿದ್ದರು. ಹೊರುವವರಿಗೆ ಅವಳದೇ ಒಂದು ಪರೀಕ್ಷೆಯೂ ಇತ್ತು. ಅದನ್ನು ಅವಳಿಗೆ ಹೇಳಿಕೊಟ್ಟವರು ಯಾರೂ ಇಲ್ಲ.

ನಾನು ನಿವೃತ್ತಳಾಗುವ ವರ್ಷದ ನಡಿಗೆಯಲ್ಲಿ ಕಾವೇರಿಗೆ ಹದಿನೈದು ವರ್ಷ. ಕೊನೆಯ ಫರ್ಲಾಂಗಿಗೆ ಯಾರೂ ಹೆಸರು ಕೊಟ್ಟಿರಲಿಲ್ಲ. ಆಮೇಲೆ ಗೊತ್ತಾಯಿತು, ಕೊಡಬೇಡಿ ಎಂದು ಮುನಿಶಾಮಪ್ಪನೇ ಎಲ್ಲರಿಗೂ ಹೇಳಿಟ್ಟಿದ್ದನಂತೆ. ಗಳದ ಒಂದು ತುದಿಗೆ ಶಾಹಿದಾ ಆಗಲೇ ಹೆಗಲು ಕೊಟ್ಟು ನಿಂತಿದ್ದಳು.

"ಬನ್ನಿ ಅಕ್ಕ. ಇಷ್ಟು ವರ್ಷ ಬೇರೆಯವ್ರನ್ನ ನಡೆಸಿದ್ದೇ ಆಯ್ತು."

ಬೆಳಿಗ್ಗೆಯಿಂದ ನಡೆದಿದ್ದೆ, ಬಿಸಿಲು ಏರುವ ಮೊದಲೇ ಮುಗಿಸುವ ಆತುರವಿತ್ತು. ಗಳಕ್ಕೆ ಕೈ ಹಾಕಿದೆ.

"ಒಂದ್ನಿಮಿಷ" ಎಂದಳು ಕಾವೇರಿ ವ್ಯಾನಿನಿಂದ. "ಯಾರ್ ಆದ್ರೂ ರೂಲ್ಸ್ ರೂಲ್ಸೇ. ಇಲ್ಲಿ ಬನ್ನಿ ಮೇಡಂ. ನೀರು ಕುಡಿದ್ರಾ?"

"ಕುಡಿದೆ."

"ನಾನ್ ನೋಡಿಲ್ಲ. ನನ್ ಮುಂದೆ ಕುಡೀರಿ."

ಮುನಿಶಾಮಪ್ಪ ನಗುತ್ತಾ ಲೋಟ ತಂದುಕೊಟ್ಟ. ಪೂರ್ತಿ ಕುಡಿದೆ.

"ನಾನ್ ಯಾರು?"

"ಕಾವೇರಿ."

"ಎಲ್ಲಿದೀನಿ?"

ಆ ವೇದಿಕೆ, ಆ ಚಪ್ಪಾಳೆ, ಆ ಹನ್ನೊಂದು ನಿಮಿಷ ಎಲ್ಲ ಒಟ್ಟಿಗೆ ಬಂದವು. ಅವಳು ಕಾದಳು. "ನನ್ನ ಎದುರಿಗೆ" ಎಂದೆ.

"ಬಗ್ಗಿ."

ಬಗ್ಗಿದೆ. ಕುರ್ಚಿಯಿಂದಲೇ ಕೈ ಚಾಚಿ ಅವಳು ತನ್ನ ಅಂಗೈಯನ್ನು ನನ್ನ ಹಣೆಗೆ ಒತ್ತಿದಳು. ಅವಸರವಿಲ್ಲದೆ, ಚೆನ್ನಾಗಿ ಒತ್ತಿ ಹಿಡಿದಳು. ಆಮೇಲೆ ಆ ಕೈಯನ್ನು ತಿರುಗಿಸಿ ನನಗೇ ತೋರಿಸಿದಳು. ನನ್ನ ಬೆವರಿನಿಂದ ಅದು ಒದ್ದೆಯಾಗಿ ಹೊಳೆಯುತ್ತಿತ್ತು.

"ಬೆವರಿದೆ" ಎಂದಳು. "ಎತ್ಕೊಳ್ಳಿ. ನಡೀರಿ."